ಮುನಿತಾಯಮ್ಮ ಎಣಿಸಿದ ಕೆಂಪು ಚುಕ್ಕಿಗಳು

ಮುನಿತಾಯಮ್ಮನವರನ್ನು ನಾನು ಮೊದಲು ನೋಡಿದ್ದು ೧೯೮೫ರ ಜೂನ್ ತಿಂಗಳಲ್ಲಿ, ನಮ್ಮ ಸಂಸ್ಥೆಯ ಗಾಜು ತೊಳೆಯುವ ಕೋಣೆಯಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ನೊರೆ ಮಾಡಿಕೊಂಡು ನಿಂತಿದ್ದರು. ಹಿಂದಿನ ದಿನ ತೊಳೆಯಲು ಹಾಕಿದ್ದ ಗಾಜಿನ ಕೊಳವೆಗಳನ್ನು ತರಲು ಹೋಗಿದ್ದೆ. ಅರವತ್ತು ಇವೆ ತಾನೇ ಎಂದು ಕೇಳಿದೆ. ಬಂದಿದ್ದು ಐವತ್ತೆಂಟು, ಇನ್ನೆರಡು ನಿಮ್ಮ ಮೇಜಿನ ಮೇಲೇ ಇರಬೇಕು ಎಂದರು. ಹೋಗಿ ನೋಡಿದರೆ ನೋಟ್‌ಬುಕ್ಕುಗಳ ಹಿಂದೆ ಎರಡು ಕೊಳವೆ ಉರುಳಿಕೊಂಡು ಬಿದ್ದಿದ್ದವು.

ಆಗ ಆಕೆಗೆ ಮೂವತ್ಮೂರು ವರ್ಷ. ಮೂಡಲಪಾಳ್ಯದ ದೊಡ್ಡಹನುಮಯ್ಯನವರ ಮಗಳು. ರಾಗಿ, ಅವರೆ ಬೆಳೆಯುತ್ತಿದ್ದ ಅಪ್ಪನ ಹೊಲದಲ್ಲಿ ಬಡಾವಣೆಯ ಕಲ್ಲುಗಳು ಎದ್ದಾಗ ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಬೀದಿಯ ಉಳಿದ ಹೆಂಗಸರ ಜೊತೆ ಆಕೆಯೂ ಊದಿನಕಡ್ಡಿ ಹೊಸೆಯಲು ಕೂತರು. ಹನ್ನೆರಡು ವರ್ಷ ಹೊಸೆದರು. ದಿನಕ್ಕೆ ಮೂರು ಸಾವಿರ ಕಡ್ಡಿ, ಐದೈದರ ಲೆಕ್ಕದಲ್ಲಿ ಬೆರಳ ಸಂದಿಯಿಂದ ಜಾರಿಸಿ ಎಣಿಸುತ್ತಿದ್ದರಂತೆ. ನಡುವೆ ಮದುವೆಯಾಯಿತು. ಗಂಡ ಮುನಿಯಣ್ಣ ನಮ್ಮ ಸಂಸ್ಥೆಯಲ್ಲೇ ಅಟೆಂಡರ್. ೧೯೮೨ರಲ್ಲಿ ಮೈಸೂರು ರಸ್ತೆಯಲ್ಲಿ ಸೈಕಲ್ಲಿಗೆ ಲಾರಿ ಬಡಿದು ತೀರಿಕೊಂಡರು. ಆ ಕೆಲಸವನ್ನು ಹೆಂಡತಿಗೆ ಕೊಟ್ಟರು. ಮಕ್ಕಳಿರಲಿಲ್ಲ. ಅತ್ತೆ ಅಕ್ಕಯ್ಯಮ್ಮ, ಮೈದುನ ಮುನಿರಾಜು, ಮೂರು ಜನ ಮೂಡಲಪಾಳ್ಯದ ಒಂದು ಹೆಂಚಿನ ಮನೆಯಲ್ಲಿದ್ದರು.

ನಾನು ಚಿತ್ರದುರ್ಗದ ಕಡೆಯವಳು, ಹೆಸರು ಬಸವರಾಜೇಶ್ವರಿ. ವಿಜಯನಗರದ ಮಾರುಕಟ್ಟೆ ಹಿಂದಿನ ಬೀದಿಯಲ್ಲಿ ಒಂದು ರೂಮು ಹಿಡಿದು ಪಿಎಚ್‌.ಡಿ.ಗೆ ಸೇರಿದ್ದೆ. ಸಂಸ್ಥೆ ಇದ್ದದ್ದು ಮಲ್ಲತ್ತಹಳ್ಳಿ ಕೆರೆಯ ಈಚೆಗೆ. ಬಸ್ಸಿಳಿದು ಒಂದು ಮೈಲಿ ನಡೆಯಬೇಕು. ಆ ದಾರಿಯಲ್ಲಿ ಬೆಳಿಗ್ಗೆ ನಾವಿಬ್ಬರೂ ಜೊತೆಯಾಗುತ್ತಿದ್ದೆವು. ಒಂದು ದಿನ ಆಕೆ ನನ್ನ ಕೆಲಸ ಏನು ಎಂದು ಕೇಳಿದರು. ಡಬ್ಬಿಗಟ್ಟಲೆ ತಟ್ಟೆ ತೊಳೆಯುವವರಿಗೆ ಅದರಲ್ಲಿ ಏನಿತ್ತು ಅಂತ ಯಾರೂ ಹೇಳಿರಲಿಲ್ಲ.

ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಕಣ ಎಂದೆ. ಅದರಲ್ಲಿ ಎರಡು ಜಾತಿ. ಒಂದಕ್ಕೆ ‘ಎ’ ಅಂತ, ಇನ್ನೊಂದಕ್ಕೆ ‘ಆಲ್ಫಾ’ ಅಂತ ಹೆಸರು. ಒಂದು ಜಾತಿ ಇನ್ನೊಂದರ ಜೊತೆ ಮಾತ್ರ ಕೂಡುತ್ತದೆ. ಅವಕ್ಕೆ ಕಾಲಿಲ್ಲ, ಕಣ್ಣಿಲ್ಲ, ಇದ್ದ ಜಾಗ ಬಿಟ್ಟು ಹೋಗಲಾರವು. ಅದಕ್ಕೇ ಒಂದು ರಸ ಬಿಡುತ್ತವೆ. ಅದು ಸುತ್ತ ಹರಡುತ್ತದೆ, ವಾಸನೆ ಹರಡಿದ ಹಾಗೆ. ವಾಸನೆ ಸಿಕ್ಕಿದ ಕಣ ಬೆಳೆಯುವುದನ್ನು ನಿಲ್ಲಿಸಿ, ಜೋರಾಗಿ ಬರುವ ದಿಕ್ಕಿಗೆ ಒಂದು ಮೂತಿ ಚಾಚುತ್ತದೆ. ಆ ಕಡೆಯಿಂದಲೂ ಒಂದು ಮೂತಿ ಬರುತ್ತದೆ. ಎರಡೂ ಮುಟ್ಟಿದಲ್ಲಿ ಗೋಡೆ ಕರಗಿ ಒಂದೇ ಕಣವಾಗುತ್ತದೆ. ಅಕ್ಕಪಕ್ಕ ನಾಲ್ಕೈದು ಜೊತೆಗಾರರಿದ್ದರೆ ಯಾವುದನ್ನು ಆರಿಸುತ್ತದೆ, ಹೇಗೆ ಆರಿಸುತ್ತದೆ ಅನ್ನುವುದೇ ನನ್ನ ಪ್ರಶ್ನೆ. ಕಂಪ್ಯೂಟರಿನಲ್ಲಿ ಅದೇ ತರಹದ ಸುಳ್ಳು ಕಣಗಳನ್ನು ಮಾಡಿ, ಅವಕ್ಕೆ ನಿಯಮ ಹಾಕಿಕೊಟ್ಟು, ನಿಜವಾದವುಗಳಂತೆ ನಡೆದುಕೊಳ್ಳುತ್ತವೆಯೇ ಎಂದು ನೋಡುವುದು ನನ್ನ ಕೆಲಸ.

ಮುನಿತಾಯಮ್ಮ, ಹತ್ತಿರ ಇರೋದನ್ನೇ ಹಿಡ್ಕೊಳ್ಳೋದಿಲ್ವಾ ಎಂದು ಕೇಳಿದರು. ಅದೇ ಗೊತ್ತಾಗಬೇಕು ಎಂದೆ.

ನಮ್ಮ ಕಂಪ್ಯೂಟರ್ ಆಗ ಇಡೀ ವಿಭಾಗಕ್ಕೆ ಒಂದೇ. ಹಸಿರು ಅಕ್ಷರದ ಪರದೆ, ಅದಕ್ಕೊಂದು ಏಸಿ ರೂಮು, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಪರದೆಯನ್ನು ಚೌಕಗಳಾಗಿ ಭಾಗ ಮಾಡಿ, ಒಂದೊಂದು ಚೌಕದಲ್ಲಿ ಎಷ್ಟು ವಾಸನೆ ಇದೆ ಎಂದು ಒಂದು ಅಂಕಿ ಬರೆಸಿದ್ದೆ. ಪ್ರತಿ ಹೆಜ್ಜೆಗೂ ಆ ಅಂಕಿ ಪಕ್ಕದ ಚೌಕಗಳಿಗೆ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತಿತ್ತು. ಒಂದು ಸಲ ಓಡಿಸಲು ಐದು ಗಂಟೆ ಹಿಡಿಯುತ್ತಿತ್ತು, ನಾಲ್ಕನೇ ಗಂಟೆಗೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಆ ವರ್ಷ ಕರೆಂಟು ಹೋಗದ ದಿನ ಕಡಿಮೆ.

ಕಂಪ್ಯೂಟರಿನ ಉತ್ತರವನ್ನು ನಿಜವಾದ ಯೀಸ್ಟಿನ ಜೊತೆ ಹೋಲಿಸಿ ನೋಡಬೇಕಿತ್ತು. ಅದಕ್ಕೆ ನನ್ನ ಗೈಡು ನಾರಾಯಣಪ್ಪ ಸಾರ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಆಲ್ಫಾದಲ್ಲಿ ಎರಡು ತಳಿ ತೆಗೆದುಕೊಳ್ಳುವುದು, ಒಂದು ಜೋರು ವಾಸನೆಯದು, ಒಂದು ಮಂದ ವಾಸನೆಯದು. ಎರಡನ್ನೂ ಸಮಸಮ ಬೆರೆಸಿ ‘ಎ’ ಕಣಗಳ ನಡುವೆ ಬಿಡುವುದು. ಕೂಡಿದ ಕಣ ಮಾತ್ರ ಬದುಕುವಂಥ ಆಹಾರ ಹಾಕಿದ ಗಾಜಿನ ತಟ್ಟೆಯ ಮೇಲೆ ಹರಡಿದರೆ ಮೂರು ದಿನಕ್ಕೆ ಒಂದೊಂದು ಜೋಡಿಯೂ ಒಂದೊಂದು ಚುಕ್ಕಿಯಾಗಿ ಬೆಳೆಯುತ್ತಿತ್ತು. ಜೋರು ವಾಸನೆಯದರ ಜೊತೆ ಕೂಡಿದ್ದರೆ ಚುಕ್ಕಿ ಕೆಂಪು. ಮಂದ ವಾಸನೆಯದರ ಜೊತೆ ಕೂಡಿದ್ದರೆ ಬಿಳಿ. ಎಣಿಸಿದರೆ ಆಯಿತು.

ಎಣಿಸುವುದೇ ನನ್ನ ಕೈಲಿ ಆಗುತ್ತಿರಲಿಲ್ಲ. ಒಂದು ತಟ್ಟೆಯಲ್ಲಿ ಇನ್ನೂರು ಮುನ್ನೂರು ಚುಕ್ಕಿ, ದಿನಕ್ಕೆ ನಲವತ್ತು ತಟ್ಟೆ. ಒಂದೇ ತಟ್ಟೆಯನ್ನು ಎರಡು ಸಲ ಎಣಿಸಿದರೆ ಎರಡು ಉತ್ತರ ಬರುತ್ತಿತ್ತು. ಒಂದು ಮಧ್ಯಾಹ್ನ ತೊಳೆದ ತಟ್ಟೆಗಳ ಬುಟ್ಟಿ ಇಡಲು ಬಂದ ಮುನಿತಾಯಮ್ಮ ನನ್ನ ಬೆನ್ನ ಹಿಂದೆ ನಿಂತು ನೋಡಿ, ಅಂಚಿನಲ್ಲಿ ಮೂರು ಬಿಟ್ರಿ ಮೇಡಮ್ಮೋರೆ ಎಂದರು. ನೀವೇ ಎಣಿಸಿ ನೋಡೋಣ ಎಂದು ತಟ್ಟೆ ಕೊಟ್ಟೆ. ತಟ್ಟೆಯನ್ನು ಬೋರಲು ಹಾಕಿ, ಗಾಜಿನ ಮೇಲೆ ಬರೆಯುವ ಪೆನ್ಸಿಲ್ಲಿನಿಂದ ಐದೈದಕ್ಕೆ ಒಂದು ಗೀಟು ಎಳೆಯುತ್ತ ಎಣಿಸಿದರು. ಕೆಂಪು ನೂರಾ ಎಪ್ಪತ್ತೊಂದು, ಬಿಳಿ ಅರವತ್ತೆರಡು. ಗೀಟು ಒರೆಸಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕೊಟ್ಟೆ. ಅದೇ ಬಂತು. ಮಾರನೆಯ ದಿನ ಬೇರೆ ತಟ್ಟೆಗಳ ನಡುವೆ ಸೇರಿಸಿ ಕೊಟ್ಟೆ. ಅದೇ ಬಂತು, ಜೊತೆಗೆ, ಇದು ನಿನ್ನೇದಲ್ವಾ ಎಂದೂ ಕೇಳಿದರು.

ನಾರಾಯಣಪ್ಪ ಸಾರ್ ಒಪ್ಪಿಗೆ ಕೊಟ್ಟರು. ಅಂದಿನಿಂದ ಬೆಳಿಗ್ಗೆ ಹನ್ನೊಂದರವರೆಗೆ ತೊಳೆಯುವುದು, ಆಮೇಲೆ ನನ್ನ ಮೇಜಿನ ಕೊನೆಗೆ ಸ್ಟೂಲು ಎಳೆದುಕೊಂಡು ಎಣಿಸುವುದು ಆಕೆಯ ಕೆಲಸವಾಯಿತು. ಎಣಿಸುವಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಗಾಜು ಊದಿ ಉಪಕರಣ ಮಾಡುವ ಚನ್ನಕೇಶವ ಅವರೊಬ್ಬರೇ ಆ ಹೊತ್ತಿನಲ್ಲಿ ಬಂದರೂ ಮಾತಾಡಿಸುತ್ತಿರಲಿಲ್ಲ. ಕೆಂಗೇರಿಯವರು, ನಲವತ್ತರ ಆಸುಪಾಸು, ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮುರಿದು ಕೊಟ್ಟದ್ದನ್ನು ಸರಿ ಮಾಡಿ ತಂದು, ಸದ್ದಿಲ್ಲದೆ ಮೇಜಿನ ಮೇಲೆ ಇಟ್ಟು, ಒಂದು ಗಳಿಗೆ ನಿಂತು ಹೋಗುತ್ತಿದ್ದರು.

ಒಂದು ವರ್ಷ ಚೆನ್ನಾಗಿ ನಡೆಯಿತು. ಕಣಗಳು ದೂರ ದೂರ ಇದ್ದಾಗ ಕಂಪ್ಯೂಟರ್ ಹೇಳಿದ್ದಕ್ಕೂ ಮುನಿತಾಯಮ್ಮ ಎಣಿಸಿದ್ದಕ್ಕೂ ಹೊಂದಿಕೆಯಾಗುತ್ತಿತ್ತು. ನೂರರಲ್ಲಿ ಎಪ್ಪತ್ತೈದು, ಎಂಬತ್ತು ಕೆಂಪು. ಜೋರು ವಾಸನೆಯದನ್ನೇ ಆರಿಸುತ್ತಿದ್ದವು. ಕಷ್ಟ ಶುರುವಾದದ್ದು ಕಣಗಳನ್ನು ಒತ್ತೊತ್ತಾಗಿ ಬಿಟ್ಟಾಗ. ನನ್ನ ಕಂಪ್ಯೂಟರಿನಲ್ಲಿ ಗುಂಪು ಹೆಚ್ಚಿದಂತೆ ವಾಸನೆ ಎಲ್ಲ ಚೌಕಗಳಲ್ಲೂ ತುಂಬಿಕೊಂಡು, ಯಾವ ಕಡೆ ಹೆಚ್ಚು ಯಾವ ಕಡೆ ಕಡಿಮೆ ಅನ್ನುವುದೇ ಇಲ್ಲದಂತಾಗುತ್ತಿತ್ತು. ಕಣಗಳು ಸಿಕ್ಕ ಸಿಕ್ಕ ಕಡೆಗೆ ಮೂತಿ ಚಾಚುತ್ತಿದ್ದವು. ಅರ್ಧ ಕೆಂಪು, ಅರ್ಧ ಬಿಳಿ. ಮುನಿತಾಯಮ್ಮನ ಲೆಕ್ಕದಲ್ಲಿ ಮಾತ್ರ ಒತ್ತೊತ್ತಾಗಿದ್ದಾಗಲೂ ನೂರಕ್ಕೆ ಎಪ್ಪತ್ತೊಂಬತ್ತು ಕೆಂಪೇ.

ನಾರಾಯಣಪ್ಪ ಸಾರ್ ಎರಡೂ ಕಾಗದ ನೋಡಿ, ಎಣಿಕೆ ಇನ್ನೊಮ್ಮೆ ನೋಡಮ್ಮ, ಆಕೆ ಕಲಿತವರಲ್ಲ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಆ ಮಾತು ಅನುಕೂಲವಾಗಿತ್ತು. ಒಂದೂವರೆ ವರ್ಷ ಬರೆದ ಪ್ರೋಗ್ರಾಮು ತಪ್ಪು ಅಂತ ಒಪ್ಪುವುದಕ್ಕಿಂತ ಬೇರೆಯವರ ಕಣ್ಣು ತಪ್ಪು ಅಂದುಕೊಳ್ಳುವುದು ಸುಲಭ. ಡಿಸೆಂಬರಿನಲ್ಲಿ ದೊಡ್ಡ ಸೆಮಿನಾರಿತ್ತು, ಹೊರಗಿನ ವಿಜ್ಞಾನಿಗಳು ಬರುವವರಿದ್ದರು, ನನ್ನ ಹೆಸರು ಆಗಲೇ ಪಟ್ಟಿಯಲ್ಲಿತ್ತು.

ಒತ್ತೊತ್ತಾದ ತಟ್ಟೆಗಳಲ್ಲಿ ಚುಕ್ಕಿಗಳು ಸಣ್ಣವು. ಕೆಂಪು ಅಷ್ಟು ಗಾಢವಾಗಿ ಬರುತ್ತಿರಲಿಲ್ಲ, ಕೆಲವು ತಿಳಿ ಗುಲಾಬಿ ಬಣ್ಣದಲ್ಲೇ ನಿಲ್ಲುತ್ತಿದ್ದವು. ನವೆಂಬರಿನ ಒಂದು ದಿನ ಮುನಿತಾಯಮ್ಮನಿಗೆ, ಇನ್ನು ಮುಂದೆ ಗುಲಾಬಿ ಕಂಡರೆ ಬಿಳಿಗೆ ಹಾಕಿ ಎಂದೆ.

ಆಕೆ ತಲೆಯೆತ್ತಿ ನನ್ನನ್ನು ನೋಡಿದರು. “ಅವು ಬಿಳಿ ಅಲ್ಲ ಮೇಡಮ್ಮೋರೆ. ಇನ್ನೂ ಕೆಂಪಾಗಿಲ್ಲ, ಅಷ್ಟೆ.”

ವಿಜ್ಞಾನದಲ್ಲಿ ಒಂದು ಗೆರೆ ಹಾಕಿಕೊಳ್ಳಲೇಬೇಕಾಗುತ್ತದೆ, ಆ ಗೆರೆ ಎಲ್ಲಿ ಅಂತ ನಿರ್ಧರಿಸುವುದು ನನ್ನ ಕೆಲಸ ಎಂದು ಹೇಳಿದೆ. ಮಾತು ಸ್ವಲ್ಪ ಗಡುಸಾಗಿಯೇ ಬಂತು. ಆಕೆ ಆ ದಿನ ಮೂರು ಸಾಲು ಮಾಡಿ ಬರೆದರು. ಕೆಂಪು, ಗುಲಾಬಿ, ಬಿಳಿ. ಸಂಜೆ ಆಕೆ ಹೋದ ಮೇಲೆ ನಾನು ಗುಲಾಬಿ ಸಾಲನ್ನು ಬಿಳಿಯ ಜೊತೆ ಕೂಡಿಸಿ ಬೇರೆ ಹಾಳೆಯಲ್ಲಿ ಬರೆದುಕೊಂಡೆ. ಕೆಂಪು ಐವತ್ತಾರಕ್ಕೆ ಇಳಿಯಿತು. ಕಂಪ್ಯೂಟರಿನ ಐವತ್ತಕ್ಕೆ ಅದು ಸಾಕಷ್ಟು ಹತ್ತಿರ. ಹಳೆಯ ಹಾಳೆಗಳನ್ನು ಹರಿದು ಹಾಕಿದೆ.

ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಮಾರನೆಯ ದಿನ ನೋಟ್‌ಬುಕ್ಕು ತೆರೆದು ನೋಡಿ ಮುಚ್ಚಿಟ್ಟರು. ಆ ಮಧ್ಯಾಹ್ನ ಮೇಜಿಗೆ ಬರಲಿಲ್ಲ. ಯಾಕೆ ಎಂದು ಕೇಳಲು ಹೋದೆ. ತೊಳೆಯೋದು ಬಹಳ ಉಳಿದಿದೆ, ನನ್ನ ಕೆಲಸ ಇದೇ ಅಲ್ವಾ ಎಂದು ನಲ್ಲಿ ತಿರುಗಿಸಿದರು. ವಾರ ಕಳೆದರೂ ಬರಲಿಲ್ಲ. ಬೆಳಿಗ್ಗೆ ನಡೆಯುವಾಗಲೂ ನನಗಿಂತ ಮುಂಚಿನ ಬಸ್ಸಿಗೆ ಬಂದುಬಿಡುತ್ತಿದ್ದರು. ಯಾರಿಗೂ ದೂರಲಿಲ್ಲ. ದೂರಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಎರಡನೇ ಭಾನುವಾರ ವಿಳಾಸ ಕೇಳಿಕೊಂಡು ಮೂಡಲಪಾಳ್ಯಕ್ಕೆ ಹೋದೆ. ಸೈಟುಗಳ ನಡುವೆ ಹಳೇ ಊರಿನ ಒಂದು ಬೀದಿ ಉಳಿದುಕೊಂಡಿತ್ತು. ಅಕ್ಕಯ್ಯಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಕೂರಿಸಿ ಕಾಫಿ ಕೊಟ್ಟರು. ಸೊಸೆಗೆ ಬುದ್ಧಿ ಹೇಳಮ್ಮ ಎಂದು ಶುರು ಮಾಡಿದರು. ಮುನಿರಾಜುಗೂ ಮೂವತ್ತಾಯಿತು, ಇವಳೂ ಒಂಟಿ, ನಮ್ಮಲ್ಲಿ ಗಂಡ ಹೋದೋಳು ಮೈದುನನ್ನ ಕೂಡಿಕೆ ಮಾಡಿಕೊಳ್ಳೋದು ಹೊಸದೇನಲ್ಲ, ಹೊರಗೆ ಹುಡುಕೋದು ಯಾಕೆ, ಮನೇಲೇ ಇದಾನಲ್ಲ ಎನ್ನುತ್ತಿದ್ದರು. ಮುನಿತಾಯಮ್ಮ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದರು.

ಆಮೇಲೆ ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದರು. ನಾನೇ ಮಾತು ತೆಗೆದೆ. ಗುಲಾಬಿ ವಿಷಯಕ್ಕೆ ಬೇಜಾರಾಗಿದೆ ಅಲ್ವಾ ಎಂದೆ. ಆಕೆ ಒಂದು ಬೇಲಿಯ ಪಕ್ಕ ನಿಂತರು.

“ನಮ್ಮನೆಯೋರು ಹೋದಾಗ ಪೊಲೀಸ್ನೋರು ಕಾಗದದಲ್ಲಿ ಕುಡಿದು ಸೈಕಲ್ ಓಡಿಸ್ತಿದ್ರು ಅಂತ ಬರೆದ್ರು. ಅವರು ಕಾಫಿ ಬಿಟ್ರೆ ಏನೂ ಕುಡಿದೋರಲ್ಲ. ನಾನು ಹೋಗಿ ಕೇಳ್ದೆ. ಬರೆದಾಯ್ತಲ್ಲಮ್ಮ, ಈಗ ಏನು ಮಾಡೋದು ಅಂದ್ರು. ಬರೆದೋರಿಗೆ ಅವರ ಮೇಲೆ ದ್ವೇಷ ಏನೂ ಇರ್ಲಿಲ್ಲ, ಹಂಗೆ ಬರೆದ್ರೆ ಕೆಲಸ ಬೇಗ ಮುಗೀತಿತ್ತು, ಅದಕ್ಕೆ ಬರೆದ್ರು.” ನನ್ನ ಕಡೆ ತಿರುಗಿ ಹೇಳಿದರು: “ನೀವೂ ಕೆಟ್ಟೋರಲ್ಲ. ಆದ್ರೆ ನಾನು ಕಂಡಿದ್ದನ್ನ ಕಂಡಿಲ್ಲ ಅಂತ ಬರೆಯೋಕೆ ನನ್ನ ಕೂರಿಸ್ಕೋಬೇಡಿ.”

ಬಸ್ಸು ಬಂತು. ನಾನು ಹತ್ತಿದೆ. ವಿಜಯನಗರ ಬಂದರೂ ಇಳಿಯುವುದು ಮರೆತು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ಸು ನಡೆದೆ.

ಸೋಮವಾರ ಬೆಳಿಗ್ಗೆ ಆಕೆ ನನ್ನ ಮೇಜಿನ ಹತ್ತಿರ ಬಂದು, ಬಿಡುವಿದ್ದರೆ ಕೋಲ್ಡ್ ರೂಮಿಗೆ ಬನ್ನಿ ಎಂದರು. ಒಳಗೆ ಕೊನೆಯ ಕಪಾಟಿನ ಕೆಳಗಿನ ಹಲಗೆಯಲ್ಲಿ, ಹಳೇ ಬಾಟಲಿಗಳ ಹಿಂದೆ, ಟವೆಲ್ಲು ಮುಚ್ಚಿದ ಎರಡು ಬುಟ್ಟಿ. ನವೆಂಬರಿನ ಆ ದಿನದ ತಟ್ಟೆಗಳು. ತೊಳೆಯಲು ಹಾಕಿದ್ದನ್ನು ತೊಳೆಯದೆ ಆಕೆ ಇಲ್ಲಿ ತಂದಿಟ್ಟಿದ್ದರು. ಒಂದೊಂದರ ಮೇಲೂ ತಾರೀಖು, ಗುಲಾಬಿ ಚುಕ್ಕಿಗಳ ಸುತ್ತ ಆ ದಿನವೇ ಆಕೆ ಹಾಕಿದ್ದ ಸಣ್ಣ ಸುತ್ತುಗೆರೆ.

ಟವೆಲ್ಲು ತೆಗೆದು ಒಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಸುತ್ತುಗೆರೆಯ ಒಳಗಿದ್ದ ಚುಕ್ಕಿಗಳು ಕೆಂಪಾಗಿದ್ದವು, ಮಾಗಿದ ಕಾಫಿ ಹಣ್ಣಿನಷ್ಟು. ಇನ್ನೊಂದನ್ನು ತೆಗೆದೆ, ಅದೂ ಹಾಗೇ. ಬಿಳಿಯವು ಬಿಳಿಯಾಗಿಯೇ ಇದ್ದವು. ಆ ಚಳಿಯಲ್ಲಿ ನಿಂತುಕೊಂಡೇ ಹದಿನಾಲ್ಕು ತಟ್ಟೆ ನೋಡಿದೆ. ನೀವು ಗುಲಾಬಿ ಅಂತ ತೆಗೆದುಹಾಕಿದ್ದ ಮುನ್ನೂರಾ ಹನ್ನೊಂದು ಚುಕ್ಕಿಗಳಲ್ಲಿ ಮುನ್ನೂರಾ ಆರು ಕೆಂಪಾಗಿವೆ, ಐದು ಗೊತ್ತಾಗಲ್ಲ, ಅವನ್ನ ಗೊತ್ತಾಗಲ್ಲ ಅಂತಲೇ ಬರೀರಿ ಎಂದರು.

ಅಂದೇ ಮಧ್ಯಾಹ್ನ ನಾರಾಯಣಪ್ಪ ಸಾರ್ ರೂಮಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ಹರಿದ ಹಾಳೆಯ ವಿಷಯವನ್ನೂ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬೈಯಲಿಲ್ಲ. ಸೆಮಿನಾರಿನ ಪಟ್ಟಿಯಿಂದ ನನ್ನ ಹೆಸರು ತೆಗೆಸಲು ಕಾಗದ ಬರೆದರು, ಎದುರಿಗೇ ಸಹಿ ಹಾಕಿದರು. ಆಮೇಲೆ ಮುನಿತಾಯಮ್ಮನವರನ್ನು ಕರೆಸಿ, ನಿಮ್ಮ ಎಣಿಕೆ ಬಗ್ಗೆ ನಾನು ಆಡಿದ ಮಾತು ತಪ್ಪು ಎಂದರು. ಆಕೆ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು.

ಎಣಿಕೆ ಸರಿ ಎಂದ ಮೇಲೆ ತಪ್ಪು ನನ್ನ ಪ್ರೋಗ್ರಾಮಿನಲ್ಲೇ ಇರಬೇಕು. ಒತ್ತೊತ್ತಾದ ಗುಂಪಿನಲ್ಲೂ ಕಣಕ್ಕೆ ದಿಕ್ಕು ಹೇಗೆ ತಿಳಿಯುತ್ತದೆ? ನಾರಾಯಣಪ್ಪ ಸಾರ್ ಒಂದು ವಾರ ಯೋಚಿಸಿ, ಲೈಬ್ರರಿಯಿಂದ ಹಳೆಯ ಪತ್ರಿಕೆಗಳ ಕಟ್ಟು ತರಿಸಿದರು. ‘ಎ’ ಕಣಗಳು ಇನ್ನೊಂದು ರಸವನ್ನೂ ಬಿಡುತ್ತವೆ, ಅದು ಆಲ್ಫಾದ ವಾಸನೆಯನ್ನು ಅಲ್ಲಲ್ಲೇ ಕತ್ತರಿಸಿ ಹಾಕುತ್ತದೆ ಎಂದು ಬೇರೆಯವರು ಕಂಡುಕೊಂಡಿದ್ದರು. ನಾನದನ್ನು ಓದಿದ್ದೆ, ನನ್ನ ಪ್ರಶ್ನೆಗೆ ಸಂಬಂಧವಿಲ್ಲ ಎಂದು ಬಿಟ್ಟಿದ್ದೆ. ವಾಸನೆ ಬೇಕಾದ ಕಣವೇ ವಾಸನೆಯನ್ನು ಯಾಕೆ ಅಳಿಸುತ್ತದೆ ಎಂದು ವಿಚಿತ್ರವೆನಿಸಿತ್ತು ಅಷ್ಟೆ. ಈಗ ಆ ನಿಯಮವನ್ನು ನಾಲ್ಕು ಸಾಲಿನಲ್ಲಿ ಸೇರಿಸಿದೆ. ಪ್ರತಿ ‘ಎ’ ಕಣವೂ ತನ್ನ ಸುತ್ತಲ ಚೌಕಗಳ ವಾಸನೆಯನ್ನು ಹೆಜ್ಜೆಹೆಜ್ಜೆಗೂ ಕಡಿಮೆ ಮಾಡುವ ಹಾಗೆ.

ಎರಡು ಸಲ ಕರೆಂಟು ಕೈಕೊಟ್ಟಿತು. ಮೂರನೆಯ ಸಲ ಐದು ಗಂಟೆ ಪೂರಾ ಓಡಿತು. ಹಳೆಯ ವಾಸನೆ ಅಳಿಯುತ್ತಿದ್ದುದರಿಂದ ಯಾವ ಚೌಕವೂ ತುಂಬಿ ಹೋಗಲಿಲ್ಲ, ಎಲ್ಲಿಂದ ಹೊಸದಾಗಿ ಬರುತ್ತಿದೆ ಎಂಬುದು ಕಣಕ್ಕೆ ತಿಳಿಯುತ್ತಿತ್ತು. ಕೆಂಪು ನೂರಕ್ಕೆ ಎಪ್ಪತ್ತೇಳು.

ಇಷ್ಟಕ್ಕೆ ನಂಬಬೇಡ ಎಂದರು ಸಾರ್. ಅಳಿಸುವ ರಸ ಮಾಡಲಾರದ ‘ಎ’ ತಳಿಯೊಂದನ್ನು ಹೊರಗಿನಿಂದ ತರಿಸಿದರು. ನಮ್ಮ ಪ್ರೋಗ್ರಾಮು ನಿಜವಾದರೆ ಆ ತಳಿ ಗುಂಪಿನಲ್ಲಿ ದಿಕ್ಕು ತಪ್ಪಬೇಕು, ಅರ್ಧ ಕೆಂಪು ಅರ್ಧ ಬಿಳಿ ಬರಬೇಕು. ಈ ಸಲ ತಟ್ಟೆಗಳ ಮೇಲೆ ಯಾವುದು ಯಾವ ತಳಿ ಎಂದು ಬರೆಯದೆ, ಅವರೇ ಗುಟ್ಟಿನ ಅಕ್ಷರಗಳನ್ನು ಹಾಕಿದರು. ಬಣ್ಣ ಬಲಿಯುವವರೆಗೆ ತಟ್ಟೆಗಳನ್ನು ಕೋಲ್ಡ್ ರೂಮಿನಲ್ಲಿಟ್ಟೆವು. ಮುನಿತಾಯಮ್ಮ ಒಂದು ವಾರ ಕೂತು ಎಪ್ಪತ್ತೆರಡು ತಟ್ಟೆ ಎಣಿಸಿದರು. ನಾಲ್ಕನೆಯ ದಿನವೇ, ಇದರಲ್ಲಿ ಎರಡು ತರದ್ದಿವೆ ಸಾರ್, ಒಂದು ಮೊದಲಿನ ಹಂಗೇ ಇದೆ, ಇನ್ನೊಂದು ಯಾವುದನ್ನೂ ಆರಿಸ್ತಾ ಇಲ್ಲ ಎಂದರು. ಸಾರ್ ಬಾಯಿ ಬಿಡಲಿಲ್ಲ. ಕೊನೆಗೆ ಗುಟ್ಟಿನ ಪಟ್ಟಿ ತೆಗೆದು ಮೂವರೂ ಮೇಜಿನ ಸುತ್ತ ನಿಂತು ಹೊಂದಿಸಿದೆವು. ಮಾಮೂಲಿ ತಳಿಗೆ ಎಪ್ಪತ್ತೆಂಟು. ಹೊಸ ತಳಿಗೆ ಐವತ್ತೆರಡು. ನಾನು ಆಕೆಯ ಕೈ ಹಿಡಿದುಕೊಂಡೆ. ಆಕೆ ಬಿಡಿಸಿಕೊಳ್ಳಲಿಲ್ಲ, ಆದರೆ ಇನ್ನೊಂದು ಕೈಯಿಂದ ಗುಟ್ಟಿನ ಪಟ್ಟಿಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿಕೊಂಡರು.

ಲೇಖನ ಬರೆಯುವಾಗ ಮುನಿತಾಯಮ್ಮನವರ ಹೆಸರನ್ನು ನಮ್ಮ ಹೆಸರುಗಳ ಜೊತೆಗೇ ಹಾಕಬೇಕೆಂದು ನಾನು ಕೇಳಿದೆ. ಸಾರ್ ಎರಡು ದಿನ ತೆಗೆದುಕೊಂಡು, ಆಗಲ್ಲಮ್ಮ, ಆಫೀಸಿನಲ್ಲಿ ಒಪ್ಪಲ್ಲ ಎಂದರು. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಬಂತು, ಒಂದು ಅಕ್ಷರ ತಪ್ಪಾಗಿ. ನನಗೆ ಅದು ಇವತ್ತಿಗೂ ಸಣ್ಣದೆನಿಸುತ್ತದೆ. ಆಕೆ ಅದರ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ: ಬಣ್ಣ ತಡವಾಗಿ ಬರುತ್ತೆ, ಹತ್ತು ದಿನ ಕಾಯಬೇಕು ಅನ್ನೋದನ್ನ ಬರೆದಿದೀರಾ ಅಂತ. ಬರೆದಿದ್ದೆವು. ಆ ಸಾಲನ್ನು ಕನ್ನಡದಲ್ಲಿ ಎರಡು ಸಲ ಹೇಳಿಸಿಕೊಂಡರು.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಬಸ್ಸಿಳಿದು ನಡೆಯುವಾಗ, ಚನ್ನಕೇಶವ ಅವರು ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ ಎಂದು ಮುನಿತಾಯಮ್ಮ ಹೇಳಿದರು. ಕೇಳಿ ಆಗಲೇ ನಾಲ್ಕು ತಿಂಗಳಾಗಿತ್ತಂತೆ. ಮನೆಯಲ್ಲಿ ಗೊತ್ತಾಗಿ ಅಕ್ಕಯ್ಯಮ್ಮ ಊಟ ಬಿಟ್ಟಿದ್ದರು. ಮುನಿರಾಜು ಮಾತ್ರ ಏನೂ ಅಂದಿರಲಿಲ್ಲ. ಚನ್ನಕೇಶವರನ್ನೇ ಯಾಕೆ ಎಂದು ಕೇಳುವ ಸಲಿಗೆ ಆ ಹೊತ್ತಿಗೆ ನನಗಿತ್ತು.

“ಮುನಿರಾಜು ಒಳ್ಳೇವನೇ. ನಾನು ಆ ಮನೆಗೆ ಹೋದಾಗ ಅವನು ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದ, ನಾನೇ ಅನ್ನ ಇಕ್ಕಿ ದೊಡ್ಡವನ್ನ ಮಾಡ್ದೆ. ಎಲ್ಲರೂ ಅವನೇ ಸರಿ ಅಂತ ಹೇಳಿದ್ರು. ಇವರು ಬಂದು, ನಿಮಗೆ ಇಷ್ಟ ಇದೆಯಾ ಅಂತ ಕೇಳಿದ್ರು. ಇಷ್ಟ ಇಲ್ಲದಿದ್ರೆ ನಾಳೆಯಿಂದ ಈ ಕಡೆ ಬರಲ್ಲ ಅಂದ್ರು. ನನ್ನ ಹಂಗೆ ಯಾರೂ ಕೇಳಿರ್ಲಿಲ್ಲ ಮೇಡಮ್ಮೋರೆ.”

೧೯೮೮ರ ಫೆಬ್ರವರಿಯಲ್ಲಿ ರಾಜಾಜಿನಗರದ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿಗೆ ನಾನು, ನಾರಾಯಣಪ್ಪ ಸಾರ್, ವರ್ಕ್‌ಶಾಪಿನ ಹಿರಿಯ ಕೆಲಸಗಾರರೊಬ್ಬರು. ಹೂವಿನ ಹಾರ ತಂದವನು ಮುನಿರಾಜು. ತಾಯಿಗೆ ಹೇಳದೆ ಬಂದಿದ್ದ. ಅತ್ತಿಗೆಯ ಕಾಲಿಗೆ ನಮಸ್ಕಾರ ಮಾಡಿ, ಚನ್ನಕೇಶವರ ಕೈ ಕುಲುಕಿ, ಊಟಕ್ಕೆ ನಿಲ್ಲದೆ ಹೊರಟುಹೋದ. ಅಕ್ಕಯ್ಯಮ್ಮ ಒಂದು ವರ್ಷ ಮಾತು ಬಿಟ್ಟರು. ಮುನಿತಾಯಮ್ಮ ಪ್ರತಿ ಭಾನುವಾರ ಕೆಂಗೇರಿಯಿಂದ ಬಂದು ಬಾಗಿಲಲ್ಲಿ ತರಕಾರಿ ಇಟ್ಟು, ಮಾತಿಲ್ಲದ ಮನೆಯಲ್ಲಿ ನೀರು ತುಂಬಿಸಿ, ಪಾತ್ರೆ ತೊಳೆದು ಹೋಗುತ್ತಿದ್ದರು. ಮುಂದಿನ ವರ್ಷದ ಯುಗಾದಿಯ ಹೊತ್ತಿಗೆ ಮುದುಕಿ, ಉಪ್ಪು ಯಾಕೆ ತರಲಿಲ್ಲ ಎಂದು ಕೇಳಿದರಂತೆ.

ಲ್ಯಾಬ್ ಅಸಿಸ್ಟೆಂಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಬೇಕಿತ್ತು. ನಾರಾಯಣಪ್ಪ ಸಾರ್ ಒತ್ತಾಯಕ್ಕೆ ಖಾಸಗಿಯಾಗಿ ಕಟ್ಟಿದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಗಣಿತ ಹೇಳಿಕೊಟ್ಟೆ, ಚನ್ನಕೇಶವ ಸಂಜೆ ಇಂಗ್ಲಿಷ್ ಓದಿಸುತ್ತಿದ್ದರು, ಅವರದ್ದೂ ಅಷ್ಟಕ್ಕಷ್ಟೆ. ವಿಜಯನಗರದ ಶಾಲೆಯೊಂದರಲ್ಲಿ ಹದಿನೈದು ಹದಿನಾರರ ಮಕ್ಕಳ ನಡುವೆ ಕೂತು ಪರೀಕ್ಷೆ ಬರೆದರು. ಗಣಿತದಲ್ಲಿ ಅರವತ್ತೆಂಟು ಬಂತು. ಇಂಗ್ಲಿಷಿನಲ್ಲಿ ಹೋಯಿತು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಸರಿಯಾಗಿ ಮೂವತ್ತೈದು ತೆಗೆದು ಪಾಸಾದರು. ಆರ್ಡರು ಬಂದ ದಿನ ಗಾಜು ತೊಳೆಯುವ ಕೋಣೆಯ ಬೀಗದ ಕೈಯನ್ನು ಆಫೀಸಿನಲ್ಲಿ ಒಪ್ಪಿಸಿ, ನೇರವಾಗಿ ಸ್ಟೂಲಿನ ಮೇಲೆ ಹೋಗಿ ಕೂತರು.

ನನ್ನ ಥೀಸಿಸ್ ಅದೇ ಹೊತ್ತಿಗೆ ಮುಗಿಯಿತು. ತುಮಕೂರಿನ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ೧೯೮೯ರ ಡಿಸೆಂಬರಿನಲ್ಲಿ ರೂಮು ಖಾಲಿ ಮಾಡಿ, ಹೇಳಿ ಹೋಗಲು ಸಂಸ್ಥೆಗೆ ಹೋದೆ. ಮುನಿತಾಯಮ್ಮನವರ ಪಕ್ಕದಲ್ಲಿ ಆ ವರ್ಷ ಸೇರಿದ ವಿದ್ಯಾರ್ಥಿನಿಯೊಬ್ಬಳು ನೋಟ್‌ಬುಕ್ಕು ಹಿಡಿದು ಕೂತಿದ್ದಳು. ಆಕೆ ಬೋರಲು ಹಾಕಿದ ತಟ್ಟೆಯ ಮೇಲೆ ಗೀಟು ಎಳೆಯುತ್ತಿದ್ದರು. ನನ್ನ ಹೆಜ್ಜೆಯ ಸದ್ದು ಕೇಳಿ ತಲೆಯೆತ್ತದೆ ಎಡಗೈ ಎತ್ತಿ ತಡೆದರು. ಬಾಗಿಲಲ್ಲೇ ನಿಂತೆ. ತಟ್ಟೆ ದೊಡ್ಡದಿತ್ತು, ಹತ್ತು ನಿಮಿಷವೇ ಹಿಡಿಯಿತು. ಅಂಕಿಯನ್ನು ಹುಡುಗಿಗೆ ಹೇಳಿ, ಅವಳು ಬರೆದದ್ದನ್ನು ಬಗ್ಗಿ ನೋಡಿ, ಪೆನ್ಸಿಲ್ ಕೆಳಗಿಟ್ಟು, ಎದ್ದು ಬಂದರು.